ಒಳಗೆ ಯಾರವ್ರೆ?

ಶಾಲೆಯ ಬಸ್ಸಿಳಿದು ಬೀದಿಯ ತಿರುವಿಗೆ ಬಂದ ಪವಿತ್ರ ಅಲ್ಲೇ ನಿಂತುಬಿಟ್ಟಳು. ಅವಳ ಮನೆಯ ಮುಂದೆ ಜನ ಸೇರಿದ್ದರು.

ಅರಕೆರೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮನೆ ಮುಂದೆ ಜನ ಸೇರಿದರೆ ಅದಕ್ಕೆ ಒಂದೇ ಅರ್ಥ. ಹೋದ ತಿಂಗಳು ಕರಿಯಯ್ಯಜ್ಜನ ಮನೆ ಮುಂದೆಯೂ ಹೀಗೇ ಸೇರಿದ್ದರು. "ಏನೂ ಇಲ್ಲ ಮಗಾ, ಆಟ ಆಡ್ಕೋ ಓಗು" ಅಂದಿದ್ದರು ದೊಡ್ಡವರು. ಸಂಜೆಗೆ ಸಾವಿನ ತಮಟೆ ಬಂತು.

ಅವ್ವ!

ಅವ್ವನ ಎದೆಯಲ್ಲಿ ಒಂದು ಗಂಟು ಇತ್ತು. ಅದು ಕ್ಯಾನ್ಸರ್. ಹೋದ ವಾರ ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ದರು: "ಗಂಟಿನ ಚೂರನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದ್ವಿ. ಬಿಳಿ ರಕ್ತಕಣಗಳು ಗುಂಪು ಸೇರಿವೆ. ಅವು ನಮ್ಮ ಮೈ ಕಾಯೋ ಕಣಗಳು. ಸುತ್ತ ಸುಮ್ನೆ ನಿಂತಿದ್ರೆ ಸಾಲದು, ಗಂಟಿನ ಒಳಗೆ ಎಷ್ಟು ನುಗ್ಗಿವೆ ಅನ್ನೋದು ಮುಖ್ಯ. ನಿಮಗೆ ತುಂಬಾ ನುಗ್ಗಿವೆ. ನಿಮ್ಮ ಥರದ ಕ್ಯಾನ್ಸರಿನಲ್ಲಿ ಹಾಗಿದ್ರೆ, ಔಷಧಿ ಚೆನ್ನಾಗಿ ಕೆಲಸ ಮಾಡೋ ಸಾಧ್ಯತೆ ಜಾಸ್ತಿ."

"ಗ್ಯಾರಂಟಿನಾ ಮೇಡಂ?" ಅಂತ ಕೇಳಿದ್ದ ಅಪ್ಪ.

"ಗ್ಯಾರಂಟಿ ಅಲ್ಲ. ಒಳ್ಳೇ ಲಕ್ಷಣ."

ಪವಿತ್ರಳ ತಲೆಯಲ್ಲಿ ಉಳಿದದ್ದು 'ಗುಂಪು ಸೇರಿವೆ' ಅನ್ನುವುದು ಮಾತ್ರ. ಗುಂಪು ಸೇರಿದ ಮೇಲೆ ಒಳ್ಳೆಯದು ಹೇಗಾದೀತು? ದೊಡ್ಡವರು 'ಏನೂ ಇಲ್ಲ' ಅಂತ ಹೇಳುತ್ತಲೇ ಇರುತ್ತಾರೆ. ಡಾಕ್ಟರಮ್ಮನೂ ದೊಡ್ಡವರೇ ತಾನೆ?

ಅವತ್ತಿನಿಂದ ಅವಳು ಅವ್ವನ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಹೊಸಿಲಲ್ಲೇ ನಿಂತು "ಊಟ ಆಯ್ತಾ?" ಅಂತ ಕೇಳಿ ಓಡಿಬಿಡುತ್ತಿದ್ದಳು. ಮೊದಲಾದರೆ ಹೆಡ್ ಮಿಸ್ಸು ಕೆಮ್ಮುವುದು, ಕಂಡಕ್ಟರು "ಒಳಕ್ ನಡೀರಿ" ಅಂತ ಮೂಗಲ್ಲಿ ಕಿರುಚುವುದು, ಎಲ್ಲ ಮಾಡಿ ತೋರಿಸಿ ಅವ್ವನನ್ನು ನಗಿಸುತ್ತಿದ್ದಳು. ಈಗ ಅವಳ ಗಂಟಲಲ್ಲಿ ಯಾರ ದನಿಯೂ ಬರುತ್ತಿರಲಿಲ್ಲ. ಮೊನ್ನೆ ಅವ್ವನಿಗೆ ಕ್ಯಾನ್ಸರ್ ಔಷಧಿಯ ಮೊದಲ ಡ್ರಿಪ್ಪು ಹಾಕಿದ್ದರು.

ಪವಿತ್ರ ಓಡಿದಳು. ಬಾಗಿಲ ಮುಂದೆ ಎದುರುಮನೆಯ ಧರ್ಮೇಂದ್ರಣ್ಣ ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದ.

"ಏ ಪವಿ, ಒಳಕ್ ಓಗ್ಬ್ಯಾಡ ಕಣೇ! ನಾಗ್ರಾವು ಸೇರ್ಕಂಡದೆ!"

"ಅವ್ವ ಎಲ್ಲಿ?"

"ಕೋಣೇಲವ್ರೆ. ಆವು ನಡುಮನೇಲದೆ. ಈಚೆಗ್ ಬರಕೇ ಆಯ್ತಿಲ್ಲ."

ಸುತ್ತ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

"ಸೀಮೆಎಣ್ಣೆ ಉಯ್ರಿ!"

"ದೇವ್ರು ಕಣ್ಲಾ ಅದು! ಕೈ ಮುಗೀಬೇಕು."

"ಅಂಗಾರೆ ನೀನೇ ಓಗಿ ಮುಗ್ದ್ ಬಾ, ಓಗ್ಲಾ!"

ಹೋಗುವವರು ಯಾರೂ ಇರಲಿಲ್ಲ. ಎಲ್ಲರ ಬಾಯಿ ಒಳಗೆ ಹೋಗುತ್ತಿತ್ತು, ಕಾಲು ಮಾತ್ರ ಆಚೆಯೇ ಇತ್ತು.

ಅಷ್ಟರಲ್ಲಿ ಬಾಬುರಾಯನಕೊಪ್ಪಲಿನಿಂದ ಹಾವು ಹಿಡಿಯುವ ನಾಗರಾಜು ಬೈಕಿನಲ್ಲಿ ಬಂದ. ಕೈಯಲ್ಲಿ ಕೊಕ್ಕೆ, ಹೆಗಲಲ್ಲಿ ಚೀಲ.

"ಒಳಗೆ ಯಾರವ್ರೆ?"

"ನಾವೆಲ್ಲಾ ಇದೀವಲ್ಲ ಅಣ್ಣಾ!" ಅಂದ ಧರ್ಮೇಂದ್ರ.

"ಆಚೆ ನಿಂತಿರೋರ್ನ ಕೇಳ್ನಿಲ್ಲ ಕಣ್ಲಾ. ಒಳಗೆ ಯಾರವ್ರೆ?"

ಪವಿತ್ರ ಬೆಚ್ಚಿದಳು. ಸುತ್ತ ನಿಂತಿದ್ರೆ ಸಾಲದು, ಒಳಗೆ ನುಗ್ಗಬೇಕು ಅಂತ ಡಾಕ್ಟರಮ್ಮನೂ ಏನೋ ಹೇಳಿದ್ದರಲ್ಲ!

ಕಿಟಕಿಯಿಂದ ಪಕ್ಕದ ಮನೆಯ ಮಂಚಮ್ಮನ ದನಿ ಬಂತು. "ನಾನಿವ್ನಿ ಕಣಪ್ಪಾ! ಇಂದ್ಗಡೆ ಇತ್ಲು ಬಾಗ್ಲಿಂದ ಬಂದೆ. ನಿಂಗರಾಜೂನೂ ಅವ್ನೆ, ಎಂಡ್ತಿನ ಮಂಚದ್ ಮೇಲ್ ಕೂರ್ಸಿ ಅಡ್ಡ ನಿಂತವ್ನೆ. ಬಚ್ಚಲ ತೂತ್ಗೆ ಗೋಣಿಚೀಲ ತುರ್ಕಿವ್ನಿ. ಅಕ್ಕಿ ಡ್ರಮ್ಮಿನ ಇಂದ್ಗಡೆ ಅದೆ ಮುಂಡೇದು!"

ನಿಂಗರಾಜು ಅಂದರೆ ಪವಿತ್ರಳ ಅಪ್ಪ. ಅವಳು ನಾಗರಾಜುವಿನ ಅಂಗಿ ಜಗ್ಗಿದಳು. "ಮಾಮ, ಹಿಡೀತೀರಾ? ಗ್ಯಾರಂಟಿನಾ?"

"ಆವು ಕಣವ್ವಾ. ಗ್ಯಾರಂಟಿ ಕಾರ್ಡ್ ಕೊಡಕಾಯ್ತದಾ?" ಅವನು ಚೀಲ ಬಿಚ್ಚಿದ. "ಆದ್ರೆ ಒಳ್ಗಡೆ ಜನ ಅವ್ರೆ. ಅದು ಒಳ್ಳೇದು. ನಾನೊಬ್ನೇ ಆದ್ರೆ ಕಷ್ಟ ಆಯ್ತಿತ್ತು."

ಅವನು ಒಳಗೆ ಹೋದ. ಬೀದಿ ಗಪ್‌ಚುಪ್ಪಾಯಿತು. ಡ್ರಮ್ಮು ಸರಿಸಿದ ಸದ್ದು. ಬುಸ್ಸ್! "ಟಾರ್ಚು ಬುಡವ್ವಾ, ಇಲ್ಲಿ, ಇಲ್ಲಿ!" ಪಾತ್ರೆ ಬಿತ್ತು. ಪವಿತ್ರ ಜಗುಲಿಯ ಕಂಬವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದಳು.

ಕಣ್ಣು ಬಿಟ್ಟಾಗ ನಾಗರಾಜು ಬಾಗಿಲಲ್ಲಿದ್ದ. ಬಾಯಿ ಕಟ್ಟಿದ ಚೀಲದೊಳಗೆ ಏನೋ ಹೊರಳಿತು. ಅಷ್ಟೂ ಜನ ಒಟ್ಟಿಗೆ ಹಿಂದಕ್ಕೆ ಹಾರಿದರು. ಧರ್ಮೇಂದ್ರಣ್ಣನಂತೂ ಮೊಬೈಲು ಬಿಟ್ಟು ಹಾರಿದ.

ಪವಿತ್ರ ಒಳಗೆ ಓಡಿದಳು. ಕೋಣೆಯ ಹೊಸಿಲ ಹತ್ತಿರ ಬಂದಾಗ ಕಾಲು ತಾನಾಗಿ ನಿಂತಿತು. ಅವ್ವ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಮುಖ ಬಾಡಿತ್ತು.

"ಆವು ಓಯ್ತಲ್ಲ ಮಗಾ. ಇನ್ನೂ ಯಾಕೆ ಅಲ್ಲೇ ನಿಂತಿದ್ದೀ?"

ಹಾವು ಹೋಗಿತ್ತು. ಗಂಟು ಹೋಗಿರಲಿಲ್ಲ.

"ಅವ್ವಾ, ಆ ಬಿಳಿ ಕಣಗಳು... ಒಳಗೇ ಅವೆ ಅಲ್ವಾ? ಆಚೆ ನಿಂತಿಲ್ಲ ತಾನೆ?"

"ಒಳಗೇ ಅವಂತೆ. ಡಾಕ್ಟರಮ್ಮನೇ ಏಳಿದ್ರಲ್ಲ."

ಪವಿತ್ರ ಮೂಗು ಹಿಡಿದುಕೊಂಡಳು.

"ಏಯ್, ಯಾರಮ್ಮಾ ಅದು ಬಾಗ್ಲಲ್ಲಿ ನಿಂತಿರೋದು? ಒಳಕ್ ನಡೀರಿ, ಒಳಕ್ಕೆ!"

ಅವ್ವ ಪಕ್ಕನೆ ನಕ್ಕಳು. ಪವಿತ್ರ ಹೊಸಿಲು ದಾಟಿ, ಮಂಚ ಹತ್ತಿ, ಅವ್ವನಿಗೆ ಒತ್ತಿಕೊಂಡು ಕೂತಳು.