ಹೊರಡುವ ಹೊತ್ತು ಹೇಳುತ್ತಿದ್ದ ಪರದೆ

"ನನ್ನ ಕಂಪ್ಯೂಟರಿಗೆ ಇದ್ನ ಹಾಕಿದೋರು ನೀವೇ ತಾನೆ?"

ಚೈತ್ರ ಪರದೆಯತ್ತ ಬೆರಳು ತೋರಿಸಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಹೊರಡುವ ಹೊತ್ತಾಯಿತು. ವಾರದಿಂದ ದಿನಾ ಸಂಜೆ ಐದೂಕಾಲಿಗೆ ಇದೇ ಕಾಟ!

ಸುಧೀಂದ್ರ ತಲೆ ತಗ್ಗಿಸಿ, "ಹೌದು" ಎಂದ.

ಅದು ತೊಂಬತ್ತಾರನೆಯ ಇಸವಿ. ಪಾಂಡವಪುರದ ರೇಷ್ಮೆ ಸಂಘವೊಂದರಲ್ಲಿ ಇಬ್ಬರೂ ಹಂಗಾಮಿ ನೌಕರರು. ಕಾಯಂ ಆಗುವ ಹುದ್ದೆ ಒಂದೇ. ಅಲ್ಲಿನ ಯೂನಿಕ್ಸ್ ಎಂಬ ವ್ಯವಸ್ಥೆಯ ಕಂಪ್ಯೂಟರುಗಳಲ್ಲಿ ಹಾವಿನಾಟ, ಪದ ಊಹಿಸುವ ಆಟ, ಹೊತ್ತಾದರೆ ಎಚ್ಚರಿಸುವ ಪುಟ್ಟ ಪ್ರೋಗ್ರಾಮು, ಹೀಗೆ ಬೇಕಾದಷ್ಟು ತಮಾಷೆಗಳಿದ್ದವು. ಊಟದ ಬಿಡುವಿನಲ್ಲಿ ಅವಳಿಗೆ ಆ ಆಟಗಳನ್ನು ಆಡಿಸಿ ನಗಿಸಿದವನೂ ಇವನೇ.

'ಅಂಥವನೇ ನನ್ನನ್ನು ಓಡಿಸಲು ನೋಡುತ್ತಿದ್ದಾನಲ್ಲ...'

"ನನ್ನ ಕಳಿಸ್ಬುಟ್ಟು ಕೆಲ್ಸ ನೀವೇ ಇಟ್ಕಳಾಕಾ? ತೆಗೀರಿ ಅದ್ನ."

ಮಹಾರಾಯ, ಒಂದು ಮಾತು ಆಡಬಾರದಿತ್ತೇ? ತೆಪ್ಪಗೆ ತೆಗೆದುಹಾಕಿದ.

ಮರುದಿನ ಚೈತ್ರ ಬೆಳೆಗಾರರ ಹೆಸರು ಟೈಪು ಮಾಡುತ್ತಾ ಮೈಮರೆತಳು. ಪರದೆ ಏನೂ ಹೇಳಲಿಲ್ಲ. ಕಣ್ಣೆತ್ತಿದಾಗ ಐದೂಮುಕ್ಕಾಲು. ಅವಳೂರಿಗೆ ಹೋಗುವ ಐದೂವರೆಯ ನಾಗಮಂಗಲ ಬಸ್ಸು ಹೋಗಿಯಾಗಿತ್ತು.

ಹೋದ ತಿಂಗಳು ಬಸ್ಸು ತಪ್ಪಿದಾಗ ಅಪ್ಪ ನಂಜಪ್ಪ ಒಂದೇ ಮಾತು ಹೇಳಿದ್ದ: "ಇನ್ನೊಂದ್ಸಲ ಕತ್ಲಾದ್ಮೇಲೆ ಬಂದ್ರೆ ಕೆಲ್ಸ ಬುಡಿಸ್ಬುಡ್ತೀನಿ ಕಣವ್ವ."

ಆದರೂ ಓಡಿದಳು. ಬಸ್ ನಿಲ್ದಾಣದಲ್ಲಿ ಸುಧೀಂದ್ರ ಒಬ್ಬನೇ ನಿಂತಿದ್ದ.

"ನೀವು ಬರ್ಲಿಲ್ಲ ಅಂತ ಕಂಡಕ್ಟರನ್ನ ಬೇಡ್ಕೊಂಡೆ. ಕಾಯಲಿಲ್ಲ."

"ನಿಮಗ್ಯಾಕೆ ಬೇಕಿತ್ತು?"

"ಅವತ್ತು ಬಸ್ಸು ತಪ್ಪಿ ನೀವು ಇಲ್ಲೇ ಅಳ್ತಾ ನಿಂತಿದ್ರಿ. ನೋಡೋಕಾಗ್ಲಿಲ್ಲ. ಅದಕ್ಕೇ ಆ ಪ್ರೋಗ್ರಾಮು ಹಾಕಿದ್ದು."

ತನ್ನ ಕೆಲಸಕ್ಕೆ ತಾನೇ ಕಲ್ಲು ಹಾಕಿಕೊಂಡಿದ್ದಳು.

"ಬಾಯ್ಬುಟ್ಟು ಯೋಳ್ಬಾರ್ದಿತ್ತಾ?"

"ದಿನಾ ಎಲ್ಲರೆದುರು ಹೇಳಿದ್ರೆ ಜನ ನಿಮ್ಮನ್ನ ಆಡ್ಕೋತಾರೆ ಅಂತ..."

ಮುಂದಿನ ಬಸ್ಸು ಏಳಕ್ಕೆ. ಊರು ಸೇರುವಷ್ಟರಲ್ಲಿ ಕತ್ತಲು. ಇಬ್ಬರಿಗೂ ಅದು ಗೊತ್ತಿತ್ತು.

"ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ" ಎಂದ ಸುಧೀಂದ್ರ. "ಮಗಳನ್ನ ಕೊಡಿ, ಅವಳ ಕೆಲಸ ಬಿಡಿಸಬೇಡಿ ಅಂತ ಕೇಳ್ತೀನಿ."

ಚೈತ್ರ ಅವನತ್ತ ತಿರುಗಿದಳು.

"ಅಪ್ಪ ಎರಡ್ರಲ್ಲಿ ಒಂದೇ ಕೊಡ್ತೀನಿ ಅಂದ್ರೆ?"

"ನಿಮ್ಮ ಕೆಲಸಾನೇ ಕೇಳ್ತೀನಿ. ನಿಮಗೆ ಅದು ಬೇಕಲ್ಲ."

ಅವಳು ವೇಲಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಅಪ್ಪ ನನ್ನ ಕೇಳುದ್ರೆ ನಾನು ನಿಮ್ಮನ್ನೇ ಕೇಳ್ತೀನಿ."