ಮೂರು ಪೆಟ್ಟು, ಆಮೇಲೆ ಮೌನ

ಆ ಬೆಳಗ್ಗೆ ಇಸೆಯೊ ಸರೋವರ ಕಾಣಿಸಲೇ ಇಲ್ಲ. ನೀರಿನಿಂದೆದ್ದ ಮಂಜು ಮೀನು ಒಣಹಾಕುವ ಗಳುಗಳನ್ನು ನುಂಗಿ, ಒಲಿವ್ ತೋಪುಗಳನ್ನು ನುಂಗಿ, ಬೆಟ್ಟದ ಮೇಲಿನ ಇಗರ್ಜಿಯ ಬಾಗಿಲವರೆಗೂ ಹತ್ತಿ ಬಂದಿತ್ತು. ನವೆಂಬರಿನ ಸಂತ ಮಾರ್ಟಿನೊ ಹಬ್ಬದ ಹೊತ್ತಿನ ಮಂಜು ಹಾಗೆಯೇ. ಬಂತೆಂದರೆ ನೆಂಟರ ಹಾಗೆ ಕೂತುಬಿಡುತ್ತದೆ.

ಗಂಟೆ ಬಾರಿಸುವ ಅಪ್ಪ ಸೊಂಟ ಹಿಡಿದು ಮಲಗಿದ್ದ. ಹಗ್ಗ ಎರ್ಸೀಲಿಯಾಳ ಕೈಗೆ ಬಂದಿತ್ತು.

"ನಿಲ್ಲಿಸದೆ ಎಳಿ ಮಗಳೇ," ಎಂದಿದ್ದ ಅಪ್ಪ. "ದೋಣಿಯವರಿಗೆ ದಂಡೆ ತೋರಿಸೋದು ಆ ಸದ್ದೇ. ಮೂರು ಪೆಟ್ಟಿಗೆ ನಿಲ್ಲಿಸಿಬಿಟ್ಟೀಯ, ಜೋಕೆ!"

ಮೂರು ಪೆಟ್ಟು, ಆಮೇಲೆ ಮೌನ: ಊರಿನಲ್ಲಿ ಒಬ್ಬ ಗಂಡಸು ಸತ್ತ ಎಂದು ಅರ್ಥ. ಅವಳ ಅಣ್ಣ ಜಾಕೊಮೊ ಇಂಥದೇ ಮಂಜಿನಲ್ಲಿ ಮುಳುಗಿದಾಗ ಅಪ್ಪನೇ ಆ ಮೂರು ಪೆಟ್ಟು ಬಾರಿಸಿದ್ದ.

ಈಗ ನೀರಿನ ಮೇಲೆ ಇದ್ದವನು ತಾರ್ಚೀಸಿಯೊ.

ಕಳೆದ ವಸಂತದಲ್ಲಿ, ಗರಿಗಳ ಭಾನುವಾರ ಇಗರ್ಜಿಯಿಂದ ಹೊರಬರುವಾಗ, ಮಂತ್ರಿಸಿದ ಒಲಿವ್ ಕಡ್ಡಿಯೊಂದನ್ನು ಅವನು ಅವಳ ಕೈಗೆ ತುರುಕಿದ್ದ. ಮದುವೆಗೆ ಒಪ್ಪಿಗೆ ಇದ್ದವಳು ಬದಲಿಗೆ ತನ್ನ ಕಡ್ಡಿಯನ್ನು ಕೊಡಬೇಕು. ಅವಳು ಅವನದನ್ನು ಇಟ್ಟುಕೊಂಡಳು, ತನ್ನದನ್ನು ಕೊಡಲಿಲ್ಲ.

"ನನ್ನ ಬಾಕಿ ಯಾವಾಗ ತೀರಿಸ್ತೀಯ?" ಎಂದು ಬಾವಿಕಟ್ಟೆಯಲ್ಲಿ ಸಿಕ್ಕಾಗಲೆಲ್ಲ ಓರೆಗಣ್ಣಿನಲ್ಲಿ ನಕ್ಕು ಕೇಳುತ್ತಿದ್ದ.

"ಮೀನಿನ ವಾಸನೆ ಹೋದ ಮೇಲೆ," ಎನ್ನುತ್ತಿದ್ದಳು. ತನ್ನ ನಗುವಿನ ಹಿಂದೆ ಇದ್ದ ಹೆದರಿಕೆಯನ್ನು ಹೇಳುತ್ತಿರಲಿಲ್ಲ.

ಒಂದು, ಎರಡು, ಮೂರು... ಹೀಗೆ ಎಳೆಯುತ್ತಿದ್ದಂತೆ ಕೆಳಗೆಲ್ಲೋ ನೀರಿಗೆ ಏನೋ ಬಿದ್ದ ಸದ್ದು. ಅವಳು ತಟ್ಟನೆ ಬಾಗಿಲತ್ತ ತಿರುಗಿದಳು. ಹಗ್ಗ ಕೈ ಜಾರಿ ಮೇಲೆ ಹಾರಿತು. ಮತ್ತೆ ಹಿಡಿದಳು. ಮೂರು ಸಲ ಎಳೆದಳು. ಬೆವೆತ ಅಂಗೈಯಿಂದ ಹಗ್ಗ ಮತ್ತೆ ಜಾರಿತು.

ಮೌನ.

ತಾನು ಬಾರಿಸಿದ್ದು ಏನೆಂದು ಆಗ ಅವಳಿಗೆ ಹೊಳೆಯಿತು. ಕೆಳಗಿನ ಓಣಿಯಲ್ಲಿ ಕಿಟಕಿಗಳು ತೆರೆದುಕೊಂಡವು. ಯಾರೋ ಜಪ ಶುರುಮಾಡಿದರು.

ಮರದ ಚಪ್ಪಲಿ ಟಕಟಕ ಎನ್ನಿಸುತ್ತ, ಮೀನಿನ ಪೊರೆ ಅಂಟಿದ ಕೈಯಲ್ಲೇ ದೆಲ್ಫೀನಾ ಓಡಿ ಬಂದಳು. ತಾರ್ಚೀಸಿಯೊನ ತಾಯಿ.

"ಯಾರಿಗೆ ಬಾರಿಸಿದೆಯೇ? ಹೇಳೇ! ನನ್ನ ಮಗನಿಗಾ?"

"ಯಾರಿಗೂ ಇಲ್ಲ ದೆಲ್ಫೀನಮ್ಮ, ಕೈ ಜಾರಿತು..."

"ಹಾಳು ಕೈ! ಹಾಗಾದ್ರೆ ನಿಂತ್ಕೊಂಡು ಏನು ನೋಡ್ತೀಯ? ಎಳಿ!"

ಇಬ್ಬರೂ ಒಂದೇ ಹಗ್ಗಕ್ಕೆ ಜೋತುಬಿದ್ದರು. ಗಂಟೆ ಮತ್ತೆ ಮೊಳಗಿತು.

"ಅವನ ಕಡ್ಡಿ ಇಟ್ಕೊಂಡು ನಿಂದು ಯಾಕೆ ಕೊಡಲಿಲ್ಲ?" ಏದುಸಿರಿನ ನಡುವೆಯೇ ಮುದುಕಿ ಕೇಳಿದಳು.

"ಹೆದರಿಕೆ, ದೆಲ್ಫೀನಮ್ಮ. ಕೊಟ್ಟರೆ ನನ್ನವನಾಗ್ತಾನೆ. ನನ್ನವರನ್ನ ಈ ನೀರು ಬಿಡೋದಿಲ್ಲ."

ದೆಲ್ಫೀನಾ ಬೈಯಲಿಲ್ಲ. "ಮರಿಯಮ್ಮ ತಾಯಿ ಇದ್ದಾಳೆ, ಎಳಿ," ಎಂದಳಷ್ಟೆ.

ಎಷ್ಟು ಹೊತ್ತಾಯಿತೋ. ಅಂಗೈ ಬೊಬ್ಬೆಯೆದ್ದು ಒಡೆದಿತ್ತು. ಬಾಗಿಲಲ್ಲಿ ಮಂಜು ಕದಲಿತು. ಮೊಣಕಾಲಿನವರೆಗೆ ತೊಯ್ದವನೊಬ್ಬ ಟೋಪಿ ತೆಗೆದು ನಿಂತಿದ್ದ.

"ನಿಮ್ಮ ಅಪ್ಪಾಜಿ ಯಾವಾಗ ತೀರಿಹೋದ್ರು, ಎರ್ಸೀಲಿಯಾ?" ಎಂದ ತಾರ್ಚೀಸಿಯೊ.

"ಅಪ್ಪನಾ?" ಎಂದಳು ಅವಳು.

"ಮೂರು ಪೆಟ್ಟು ಕೇಳಿಸ್ತಲ್ಲ. ಹಾಸಿಗೆ ಹಿಡಿದಿರೋದು ಅವರೊಬ್ಬರೇ. ನೀನೊಬ್ಬಳೇ ಇರ್ತೀಯ ಅಂತ ಬಲೆ ಅಲ್ಲೇ ಬಿಟ್ಟು ಬಂದೆ."

"ಸತ್ತೋನು ಅವರಲ್ಲ ಕಣೋ, ನೀನೇ!" ದೆಲ್ಫೀನಾ ಅಳುತ್ತ ನಗುತ್ತ ಮಗನ ಬೆನ್ನಿಗೆ ಗುದ್ದಿದಳು. "ಕೈ ಜಾರಿ ನಿನಗೇ ಬಾರಿಸಿದ್ದಾಳೆ ಈ ಮಹಾತಾಯಿ. ಒಳ್ಳೆ ಬಲೆ ಹೋಯ್ತಲ್ಲಪ್ಪ!" ಎನ್ನುತ್ತಲೇ, ಊರಿಗೆ ಸುದ್ದಿ ಹೇಳುವ ನೆಪದಲ್ಲಿ ಮೆಟ್ಟಿಲಿಳಿದು ಹೋದಳು.

ತಾರ್ಚೀಸಿಯೊನ ಕಣ್ಣಂಚಿನಲ್ಲಿ ಹಳೆಯ ತುಂಟತನ ಮಿನುಗಿತು. "ನಾನು ಸತ್ತರೆ ಕೈ ನಡುಗುತ್ತೆ ಅನ್ನು."

"ಈಗಲೂ ನಡುಗ್ತಿದೆ."

"ಹೆದರಿಕೆ ಹೋಗಲಿಲ್ವಾ?"

"ಇಲ್ಲ," ಎಂದಳು. "ಅದು ಹೋಗಲ್ಲ ಅನ್ನಿಸುತ್ತೆ."

ಅವನು ತಲೆ ತಗ್ಗಿಸಿ, ಮಂಜಿನಲ್ಲಿ ನೆನೆದಿದ್ದ ಟೋಪಿಯನ್ನು ಹಿಂಡಿದ. ನೀರು ಕಲ್ಲಿನ ಮೇಲೆ ತೊಟ್ಟಿಕ್ಕಿತು.

ಹಗ್ಗದ ಪಕ್ಕದ ಗೋಡೆಯಲ್ಲಿ ಮರಿಯಮ್ಮನ ಪಟವಿತ್ತು. ಎರ್ಸೀಲಿಯಾ ಅದರ ಹಿಂದೆ ಕೈ ಹಾಕಿದಳು. ಒಣಗಿ ಬೆಳ್ಳಗಾದ ತನ್ನ ಒಲಿವ್ ಕಡ್ಡಿಯನ್ನು ತೆಗೆದು, ಎಲೆ ಉದುರದ ಹಾಗೆ, ರಕ್ತ ಜಿನುಗುವ ಅಂಗೈಯಿಂದ ಅವನ ಒದ್ದೆ ಅಂಗೈಗೆ ಇಟ್ಟಳು.