ಪಂಪಿನ ಬಾಯಿ

ಗಾಜಿನ ತೊಟ್ಟಿಗೆ ಭಾವನ ಎರಡು ತಿಂಗಳ ಸಂಬಳ. ಅದರ ಮೇಲಿನ ದೀಪಕ್ಕೆ, ಅಕ್ಕ ಮೂರು ವರ್ಷದಿಂದ ಕೇಳುತ್ತಿದ್ದ ಬಟ್ಟೆ ಒಗೆಯುವ ಯಂತ್ರ. ಏಳು ಮೀನಿಗೆ ಎರಡು ಹೊಸ ಸೈಕಲ್. ಸಮುದ್ರದ ನೀರು ತಯಾರಿಸುವ ಉಪ್ಪಿನ ಬೆಲೆಯನ್ನು ಭಾವ ಇವತ್ತಿಗೂ ಬಾಯಿಬಿಟ್ಟಿಲ್ಲ. ಅಡುಗೆ ಉಪ್ಪು ನಡೆಯುವುದಿಲ್ಲ ಎಂದಷ್ಟೇ ಹೇಳಿದ್ದರು. ತಳದ ಮರಳು ಶುಚಿ ಮಾಡಲು ಒಂದು ಸಮುದ್ರ ಸೌತೆ, ಗಾಜಿನ ಪಾಚಿ ತಿನ್ನಲು ಚಿಪ್ಪಿಲ್ಲದ ಒಂದು ಸಮುದ್ರ ಬಸವನಹುಳು – ಇವೆರಡಕ್ಕೂ ಸೇರಿ ಒಂದು ಜೊತೆ ಚಪ್ಪಲಿಯ ದುಡ್ಡು. ಕೊಳವೆ, ತಿರುಪು, ಸ್ಪಂಜು, ಬಲೆ ಮುಂತಾದ ಚಿಲ್ಲರೆ ಸಾಮಾನನ್ನು ಅಂಗಡಿಯವನೇ ತಂದು ಕೂರಿಸಿ, ಒಂದು ಟೀ ಕುಡಿದು ಹೋಗಿದ್ದ.

ಸೌತೆ ಎಂದರೆ ತರಕಾರಿಯಲ್ಲ. ಗೇಣುದ್ದದ, ಕಂದು ಬಣ್ಣದ, ಮೆತ್ತನೆಯ ಜೀವಿ. ಮುಂದೆ ಯಾವುದು, ಹಿಂದೆ ಯಾವುದು ಎಂದು ಅದಕ್ಕೇ ಗೊತ್ತಿದ್ದಂತಿರಲಿಲ್ಲ. ಬಸವನಹುಳುವಿಗೆ ಅಕ್ಕ ಸೋಮಾರಿ ಎಂದು ಹೆಸರಿಟ್ಟಿದ್ದಳು.

ಭಾನುವಾರ ಬೆಳಗ್ಗೆ ಏಳಕ್ಕೆ ಭಾವ ಎದ್ದು ನೋಡಿದರೆ ಏಳು ಮೀನೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಸೌತೆ ನಾಪತ್ತೆ.

ಏಳೂವರೆಗೆ, ಕೆಲಸದಾಕೆ ಬಚ್ಚಲಲ್ಲಿ ಇಟ್ಟುಹೋಗುವ ಬಕೆಟ್ಟಿನಲ್ಲಿ, ಸೋಪು ಮೆತ್ತಿದ ಹಳದಿ ಸ್ಪಂಜೊಂದು ಸಿಕ್ಕಿತು. ಎಂಟಕ್ಕೆ ಆಕೆ ಬಂದಳು. ಎಂಟೂ ಐದಕ್ಕೆ ಹನ್ನೊಂದು ವರ್ಷದ ಕೆಲಸ ಹೋಯಿತು. ಎಂಟೂಕಾಲಿಗೆ ಭಾವ ಅದೇ ಕಟ್ಟಡದ ಇನ್ನೆರಡು ಮನೆಗೂ – ಆಕೆ ಅಲ್ಲೂ ಕೆಲಸ ಮಾಡುತ್ತಿದ್ದಳು – ಫೋನ್ ಮಾಡಿ, ಹುಷಾರು ಎಂದರು.

ಎಂಟೂವರೆಗೆ ಅಕ್ಕ ಚಿಕ್ಕಮ್ಮನಿಗೆ ಫೋನ್ ಮಾಡಿದಳು.

ಚಿಕ್ಕಮ್ಮ ಮೂವತ್ತು ವರ್ಷದಿಂದ ಮಿಕ್ಸಿ, ಫ್ಯಾನು, ಮೋಟರು ರಿಪೇರಿ ಮಾಡುತ್ತಾಳೆ. ನಾನು ಅವಳ ಅಂಗಡಿಯಲ್ಲಿ ಸ್ಪ್ಯಾನರು ಎತ್ತಿಕೊಡುವವನು. ಕೆಟ್ಟ ಯಂತ್ರ ಸುಳ್ಳು ಹೇಳುವುದಿಲ್ಲ, ಅದನ್ನು ತಂದವರು ಹೇಳುತ್ತಾರೆ ಎನ್ನುವುದು ಅವಳ ಮಾತು. ವಾರಕ್ಕೊಂದೇ ರಜೆ, ಅದೂ ಹಾಳಾಯಿತಲ್ಲ ಎಂದು ಗೊಣಗುತ್ತಲೇ ಚೀಲ ಎತ್ತಿಕೊಂಡಳು.

ನಾವು ಹೋದಾಗ ಕೆಲಸದಾಕೆ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಯಾಕಮ್ಮ ಮನೆಗೆ ಹೋಗಿಲ್ಲ ಎಂದು ಚಿಕ್ಕಮ್ಮ ಕೇಳಿದಳು.

"ಹೋದ್ರೆ ಒಪ್ಕೊಂಡ ಹಾಗಲ್ವಾ? ನಾನು ಆ ತೊಟ್ಟಿ ಮುಟ್ಟಿಲ್ಲ. ಸ್ಪಂಜು ನಿನ್ನೆ ಸಂಜೆ ಸಿಂಕಲ್ಲಿ ಬಿದ್ದಿತ್ತು. ಕಪ್ಪು ಮೆತ್ಕೊಂಡಿತ್ತು, ತೊಳೆದ್ರೆ ಚೆನ್ನಾಗೇ ಇತ್ತು. ಇಟ್ಕೊಂಡೆ."

ಒಳಗೆ ಭಾವ ಆ ಸ್ಪಂಜನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತಿರುಗಾಡುತ್ತಿದ್ದರು. ಭಾವ ಕಾರ್ಖಾನೆಯ ಮ್ಯಾನೇಜರು. ಅಪ್ಪಣೆ ಕೊಡುವುದು ಅಭ್ಯಾಸ, ಕೇಳಿಸಿಕೊಳ್ಳುವುದು ಅಷ್ಟಾಗಿ ಇಲ್ಲ.

"ನೋಡಿ ಅತ್ತೆ, ಸಾಕ್ಷಿ. ಸೋಪು ಹಚ್ಚಿ ತೊಟ್ಟಿ ಉಜ್ಜಿದ್ದಾಳೆ. ಸೌತೆನ ಕೊಳೆತ ತರಕಾರಿ ಅಂತ ಕಸಕ್ಕೆ ಹಾಕಿದ್ದಾಳೆ."

"ಕಸದಲ್ಲಿ ನೋಡಿದ್ರಾ?"

"ನೋಡಿದೆ. ಇಲ್ಲ."

"ಹಾಗಾದ್ರೆ ಪಲ್ಯ ಮಾಡಿರಬೇಕು," ಎಂದಳು ಚಿಕ್ಕಮ್ಮ.

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಭಾವನಿಗೆ ನಗು ಬರಲಿಲ್ಲ.

ಚಿಕ್ಕಮ್ಮ ತೊಟ್ಟಿಯ ಮುಂದೆ ಮಂಡಿಯೂರಿದಳು. ಪಂಪು ಜೋರಾಗಿ ನೀರೆಳೆಯುತ್ತಿತ್ತು, ನಡುನಡುವೆ ಗಂಟಲು ಕೆರೆದಂಥ ಸದ್ದು. ಗಾಜಿನ ಮೇಲ್ತುದಿಯಲ್ಲಿ ಏನೋ ಮೆಲ್ಲಗೆ ಸರಿಯಿತು.

"ಇವನು ಯಾರು?"

"ಸೋಮಾರಿ," ಎಂದಳು ಅಕ್ಕ.

"ಬದುಕಿದ್ದಾನಾ?"

"ಬೆಳಗ್ಗೆಯಿಂದ ಅಲ್ಲೇ ಇದ್ದಾನೆ. ಅವನನ್ನ ಯಾರೂ ನೋಡ್ಲಿಲ್ಲ."

ಚಿಕ್ಕಮ್ಮ ನಿಟ್ಟುಸಿರು ಬಿಟ್ಟಳು. ಮೊದಲು ಪಂಪು ಆರಿಸು ಎಂದಳು ನನಗೆ. ಬೇರೆ ಪಾತ್ರೆಯಲ್ಲಿ ಹೊಸ ಉಪ್ಪುನೀರು ಕಲಸಿ ಸೋಮಾರಿಯನ್ನು ಅದಕ್ಕೆ ಬಿಡಲು ಅಕ್ಕನಿಗೆ ಹೇಳಿದಳು. ಆಮೇಲೆ ಮೀನಿನ ಅಂಗಡಿಯವನಿಗೆ ಫೋನ್ ಮಾಡಿ ಏನೋ ಕೇಳಿ, ನಾಲ್ಕು ಸಲ ಹೂಂಗುಟ್ಟಿ ಇಟ್ಟಳು.

"ಅಳಿಯಂದಿರೇ, ಈ ಪಂಪನ್ನ ಯಾರು ಮುಟ್ಟೋದು?"

"ಯಾರೂ ಇಲ್ಲ. ಅಂಗಡಿಯವನು ಎಂಟು ತಿಂಗಳ ಹಿಂದೆ ಕೂರಿಸಿದ್ದು. ನಾನು ನೀರಿಗೆ ಕೈ ಹಾಕಲ್ಲ."

"ಇಷ್ಟು ಖರ್ಚು ಮಾಡಿ ಕೈಯೂ ಒದ್ದೆ ಮಾಡ್ಕೊಂಡಿಲ್ಲ. ನಿನ್ನೆ?"

"ನಿನ್ನೆ ಬೆಳಗ್ಗೆ ನೀರಿನ ಎಳೆತ ಕಮ್ಮಿಯಿತ್ತು. ಕಾರ್ಖಾನೆಯಿಂದ ಫೋನ್ ಮಾಡಿ ಅಪ್ಪಂಗೆ ಹೇಳಿದೆ. ಸಂಜೆ ಬಂದಾಗ ಸರಿಯಾಗಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನು ಹೇಳಿದ್ರಿ? ಅಪ್ಪಂಗೆ ಹೇಳಿದ ಮಾತನ್ನೇ ಹೇಳಿ."

"ಪಂಪಿನ ಬಾಯಿ ತೆಗಿಯಪ್ಪ, ಪೂರ್ತಿ ತೆಗಿ ಅಂದೆ. ನೀರು ಬಿಡೋ ತಿರುಪು ಅರ್ಧ ಮುಚ್ಚಿರುತ್ತೆ. ನಲ್ಲಿ ತೆಗಿ ಅನ್ನಲ್ವಾ? ಹಾಗೆ."

ಚಿಕ್ಕಮ್ಮ ತೊಟ್ಟಿಯ ಹಿಂದೆ ಕೈ ತೂರಿಸಿದಳು. "ತಿರುಪು ಈಗಲೂ ಅರ್ಧದಲ್ಲೇ ಇದೆ."

ಭಾವ ಬಾಲ್ಕನಿಯತ್ತ ತಿರುಗಿದರು.

ಅವರ ತಂದೆ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದರು. ನಲವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ಹೇಳಿದ್ದನ್ನು ಹೇಳಿದಂತೆ ಮಾಡುವವರು. ಚಿಕ್ಕಮ್ಮ ಅವರನ್ನು ಒಳಗೆ ಕರೆದಳು.

"ಬೀಗರೇ, ನಿನ್ನೆ ಪಂಪಿನ ಬಾಯಿ ತೆಗೆದ್ರಾ?"

"ತೆಗೆದೆ. ಬಾಯಿಗೆ ಕಪ್ಪಗೆ ಏನೋ ಸಿಕ್ಕೊಂಡಿತ್ತು. ಕಿತ್ತು ಸಿಂಕಿಗೆ ಹಾಕಿದೆ. ನೀರು ಭರ್ ಅಂತ ಬಂತು."

"ಅಪ್ಪಾ," ಎಂದರು ಭಾವ, "ಬೆಳಗ್ಗೆಯಿಂದ ಇಷ್ಟು ರಾಮಾಯಣ ನಡೀತಿದೆ, ನೀನು ಒಂದು ಮಾತು ಹೇಳಬಾರದಾ?"

"ನೀನು ಕೇಳಿದ್ರೆ ತಾನೇ? ಅವಳು ಮಾಡಿದ್ದು ಅಂತ ನೀನೇ ಕೂಗಾಡ್ತಿದ್ದೆ. ನನ್ನ ಕೆಲಸ ಸರಿಯಾಗಿದೆ ಅಂದ್ಕೊಂಡೆ. ಮತ್ತೆ, ತೆಗಿ ಅಂದವನು ನೀನೇ."

ಚಿಕ್ಕಮ್ಮ ಭಾವನ ಕೈಯಿಂದ ಸ್ಪಂಜನ್ನು ತೆಗೆದುಕೊಂಡಳು. ಅದರ ನಡುವೆ ತನ್ನ ತೋರುಬೆರಳನ್ನು ತೂರಿಸಿ, ನಮ್ಮೆಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಪಾತ್ರೆ ತೊಳೆಯೋ ಸ್ಪಂಜಿಗೆ ನಡುವೆ ತೂತು ಯಾಕೆ ಇರುತ್ತೆ, ಅಳಿಯಂದಿರೇ?"

ಭಾವ ಬಗ್ಗಿ ಆ ತೂತನ್ನು ನೋಡಿದರು.

"ಬೆಳಗ್ಗೆಯಿಂದ ಸಾಕ್ಷಿ ಸಾಕ್ಷಿ ಅಂತ ಹಿಡ್ಕೊಂಡು ಓಡಾಡ್ತಿದ್ದೀರಿ. ಒಂದು ಸಲ ತಿರುಗಿಸಿ ನೋಡ್ಲಿಲ್ಲ. ಇದು ಕೊಳವೆಗೆ ಸಿಕ್ಕಿಸೋ ಸ್ಪಂಜು. ಎಂಟು ತಿಂಗಳ ಕೊಳೆ ಹಿಡಿದು ಕಪ್ಪಾಗಿತ್ತು, ಎಳೆತ ಕಮ್ಮಿಯಾಗಿದ್ದೂ ಅದಕ್ಕೇ. ಹಿಂಡಿ ತೊಳೆದು ಮತ್ತೆ ಹಾಕಿದ್ರೆ ಮುಗೀತಿತ್ತು. ಆ ಹೆಂಗಸು ಪಾಪ, ಸಿಂಕಲ್ಲಿ ಸಿಕ್ಕಿದ್ದನ್ನ ತೊಳೆದು ಹಳದಿ ಮಾಡಿದ್ಳು. ನೀವು ಗುರುತು ಹಿಡೀಲಿಲ್ಲ – ನೋಡಿದ್ರೆ ತಾನೇ ಹಿಡಿಯೋದು?"

"ಮತ್ತೆ ಸೌತೆ?"

ಚಿಕ್ಕಮ್ಮ ನನಗೆ ಕಣ್ಣು ಸನ್ನೆ ಮಾಡಿದಳು. ನಾನು ಪಂಪನ್ನು ಹೊರಕ್ಕೆ ತಂದು ಎರಡು ಸ್ಕ್ರೂ ಬಿಚ್ಚಿದೆ. ಒಳಗಿನ ಚಕ್ರಕ್ಕೆ ಕಂದು ಬಣ್ಣದ ಚೂರುಗಳು ಸುತ್ತಿಕೊಂಡಿದ್ದವು. ಅಕ್ಕ ಮುಖ ತಿರುಗಿಸಿದಳು.

ಅಂಗಡಿಯವನು ಹೇಳಿದ್ದನ್ನು ಚಿಕ್ಕಮ್ಮ ಆಗ ಬಿಡಿಸಿ ಹೇಳಿದಳು. ಸೌತೆ ರಾತ್ರಿ ಗಾಜು ಹತ್ತಿ ತಿರುಗುತ್ತದೆ. ಪಂಪಿನ ಬಾಯಿ ಬಯಲಾಗಿದ್ದರೆ ಸೆಳೆತಕ್ಕೆ ಸಿಕ್ಕಿ ಜಜ್ಜಿಹೋಗುತ್ತದೆ, ಸಾಯುವಾಗ ನೀರಿಗೆ ವಿಷ ಬಿಡುತ್ತದೆ. ಆ ವಿಷ ಮೀನುಗಳನ್ನು ಉಳಿಸುವುದಿಲ್ಲ, ಬಸವನಹುಳುವಿನಂಥವು ಎಷ್ಟೋ ಸಲ ಬದುಕಿಕೊಳ್ಳುತ್ತವೆ. ಸ್ಪಂಜು ಇರುವುದೇ ಆ ಬಾಯಿಗೆ ಯಾವ ಜೀವಿಯೂ ಸಿಗದಂತೆ ತಡೆಯಲು. ಕೂರಿಸುವ ದಿನ ಆತ ಇದನ್ನೆಲ್ಲ ಹೇಳಿದ್ದನಂತೆ. ಭಾವ ಆಗ ಫೋನಿನಲ್ಲಿದ್ದರಂತೆ.

"ಸೋಮಾರಿನ ನೋಡಿದ ಕೂಡಲೇ ನಂಗೆ ಗೊತ್ತಾಯ್ತು, ಇದು ಸೋಪಲ್ಲ ಅಂತ," ಎಂದಳು. "ಚಿಪ್ಪಿಲ್ಲದ ಮೈ. ಸೋಪು ಬಿದ್ದಿದ್ರೆ ಮೊದಲು ಹೋಗ್ತಿದ್ದವನು ಅವನೇ."

"ಅಂದ್ರೆ ತಪ್ಪು ಅಪ್ಪಂದು," ಎಂದರು ಭಾವ.

"ಅಲ್ಲ. ಮುಚ್ಚಿದ್ದನ್ನ ತೆರೆಯೋದಕ್ಕೂ ತೆಗಿ ಅಂತೀವಿ, ಇದ್ದದ್ದನ್ನ ಕೀಳೋದಕ್ಕೂ ತೆಗಿ ಅಂತೀವಿ. ಯಾವ ತೆಗಿ ಅಂತ ಹೇಳಬೇಕಾದವರು ನೀವು. ಮೀನು ಕೊಂದವರು ನೀವೇ, ಅಳಿಯಂದಿರೇ. ಮೀನು ಹೋಗ್ಲಿ, ಮತ್ತೆ ಬರುತ್ತೆ. ಒಂದು ಹೆಂಗಸಿನ ಅನ್ನ ಹೋಗ್ತಿತ್ತು. ಈಗ ಎದ್ದು ಆ ಎರಡು ಮನೆಗೆ ಹೋಗಿ, ನಿಮ್ಮ ಬಾಯಾರೆ ಹೇಳಿ. ಫೋನಲ್ಲಿ ಬೇಡ. ನಿಮ್ಮ ಫೋನಿನ ಕಥೆ ನೋಡಿದ್ದಾಯ್ತು."

ಭಾವ ಹೋದರು. ಚಪ್ಪಲಿ ಮರೆತು, ಬರಿಗಾಲಲ್ಲಿ. ಮೆಟ್ಟಿಲ ಮೇಲಿದ್ದಾಕೆ ಎದ್ದು ಅವರಿಗೆ ದಾರಿ ಬಿಟ್ಟು, ಹಿಂದೆಯೇ ಹೋದಳು, ಸರಿಯಾಗಿ ಹೇಳುತ್ತಾರೋ ಇಲ್ಲವೋ ಎಂದು ಕೇಳಿಸಿಕೊಳ್ಳಲು. ಹೇಳಿದರಂತೆ. ಎರಡನೆಯ ಮನೆಯಲ್ಲಿ ಸ್ವಲ್ಪ ತಡವರಿಸಿದರಂತೆ.

ಹೊಸ ಸ್ಪಂಜಿಗೆ ಒಂದು ಟೀ ದುಡ್ಡು. ಅದನ್ನು ತಿಂಗಳಿಗೆರಡು ಸಲ ತೊಟ್ಟಿಯದೇ ನೀರಲ್ಲಿ ಹಿಂಡಿ ಮತ್ತೆ ಹಾಕುವವರು ಈಗ ಭಾವ; ಕೈ ಒದ್ದೆಯಾಗುತ್ತದೆ.

ಹೋದದ್ದು ಏಳು ಮೀನು, ಒಂದು ಸೌತೆ. ಉಳಿದದ್ದು ಸೋಮಾರಿ, ಮತ್ತು ಕೆಲಸದಾಕೆಯ ಎರಡು ಮನೆಯ ಕೆಲಸ. ಮೂರನೆಯ ಮನೆಗೆ, ಅಂದರೆ ತನ್ನ ಮನೆಗೆ, ಬಾ ಎಂದು ಅಕ್ಕ ಎರಡು ಸಲ ಕರೆದಳು. ಆಕೆ ಬರಲಿಲ್ಲ. ಆ ಮನೆಯ ನೆಲವನ್ನು ಈಗ ಭಾವನೇ ಒರೆಸುತ್ತಾರೆ.